ಕಬ್ಬಿನ ಜೈವಿಕ ತಂತ್ರಜ್ಞಾನ: ಸಂಶೋಧನೆಯಿಂದ ಮಾರುಕಟ್ಟೆಯವರೆಗೆ

ಪೀಠಿಕೆ

ಕಬ್ಬು ಕರ್ನಾಟಕದ ಪ್ರಮುಖ ವಾಣಿಜ್ಯ ಬೆಳೆಗಳಲ್ಲೊಂದಾಗಿದೆ. ಕಬ್ಬು ಉತ್ಪಾದನೆಯಲ್ಲಿ ಉತ್ತರ ಪ್ರದೇಶ ಮತ್ತು ಮಹಾರಾಷ್ಟ್ರ ರಾಜ್ಯಗಳ ನಂತರದ ಸ್ಥಾನ ಕರ್ನಾಟಕದ್ದಾಗಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಮುಂತಾದ ಜಿಲ್ಲೆಗಳ ಲಕ್ಷಾಂತರ ಕುಟುಂಬಗಳ ಜೀವನ ಈ ಬೆಳೆಯನ್ನು ಅವಲಂಬಿಸಿದೆ. ಕಬ್ಬಿನ ಹೊಲಗಳು ಮತ್ತು ಸಕ್ಕರೆ ಕಾರ್ಖಾನೆಗಳು ಈ ಜಿಲ್ಲೆಗಳಲ್ಲಿದ್ದರೂ, ಕಬ್ಬಿಗೆ ಉಪಯುಕ್ತವಾದ ಜೈವಿಕ ತಂತ್ರಜ್ಞಾನದ ಹಲವು ಉತ್ಪನ್ನಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಹಾಗೂ ನಗರದ ಹೊರವಲಯದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮತ್ತು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳೊಡನೆ ಸಂಬಂಧ ಹೊಂದಿವೆ.

ಜೈವಿಕ ತಂತ್ರಜ್ಞಾನ ಎಂದೊಡನೆ ಕುಲಾಂತರಿ ಬೆಳೆಯ ವಿಚಾರವೇ ಮೊದಲು ಮನಸ್ಸಿಗೆ ಬರುತ್ತದೆ. ಆದರೆ ಭಾರತದಲ್ಲಿ ಕುಲಾಂತರಿ ಕಬ್ಬು ಮಾರುಕಟ್ಟೆಗೆ ಬಂದಿಲ್ಲ. ಸಂಶೋಧನೆಯಿಂದ ವಾಣಿಜ್ಯ ಹಂತ ತಲುಪಿರುವುದು ಕಬ್ಬಿನ ಬೇಸಾಯಕ್ಕೂ ಸಂಸ್ಕರಣೆಗೂ ನೆರವಾಗುವ ರೋಗರಹಿತ ಸಸಿಗಳು, ಉಪಕಾರಿ ಕೀಟಗಳು, ಸೂಕ್ಷ್ಮಜೀವಿಗಳು ಮತ್ತು ಕಿಣ್ವಗಳು. ಇದಕ್ಕೆ ಕಾರಣವೇನು, ಈ ಉತ್ಪನ್ನಗಳು ಹೇಗೆ ಕೆಲಸ ಮಾಡುತ್ತವೆ, ಇವುಗಳಿಂದ ದೊರೆಯುವ ಲಾಭದಲ್ಲಿ ರೈತರ ಪಾಲು ಯಾವುದು ಎಂಬ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಕಬ್ಬಿನ ಸಂಶೋಧನೆಯ ಹಿನ್ನೆಲೆ

ಭಾರತದಲ್ಲಿ ಕಬ್ಬಿನ ವೈಜ್ಞಾನಿಕ ತಳಿ ಅಭಿವೃದ್ಧಿಯು 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ಸ್ಥಾಪನೆಯಾಗುವುದರೊಂದಿಗೆ ವ್ಯವಸ್ಥಿತ ರೂಪ ಪಡೆಯಿತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಸಿಹಿ ಕಬ್ಬನ್ನು ಹುಲ್ಲಿನ ಜಾತಿಯ ಕಾಡು ಕಬ್ಬಿನೊಡನೆ ಸಂಕರಗೊಳಿಸಿ, ಸಕ್ಕರೆ ಅಂಶದ ಜೊತೆಗೆ ಗಡಸುತನವನ್ನೂ ಹೊಂದಿದ ತಳಿಗಳನ್ನು ರೂಪಿಸಿದರು. ಈ ಕ್ರಮದ ಮೊದಲ ಯಶಸ್ವಿ ತಳಿಯಾದ ಸಿಒ 205 ಅನ್ನು 1918ರಲ್ಲಿ ಬಿಡುಗಡೆ ಮಾಡಲಾಯಿತು. ರೈತರು ಇಂದು ಬಳಸುವ ಅನೇಕ ತಳಿಗಳ ಹೆಸರಿನ ಆರಂಭದಲ್ಲಿರುವ "ಸಿಒ" ಎಂಬ ಅಕ್ಷರಗಳು ಕೊಯಮತ್ತೂರನ್ನು ಸೂಚಿಸುತ್ತವೆ. 2000ನೇ ಇಸವಿಯಲ್ಲಿ ಬಿಡುಗಡೆಯಾದ ಸಿಒ 86032 ತಳಿಯು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ವ್ಯಾಪಕವಾಗಿ ಬೇಸಾಯದಲ್ಲಿದೆ.

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ಪರಿಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ತಳಿಗಳ ಅಧ್ಯಯನ ಅಂದಿನಿಂದಲೂ ನಡೆದುಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗಳು ರಾಜ್ಯದ ಉತ್ತರ ಭಾಗದಲ್ಲಿ ಇದೇ ಕ್ಷೇತ್ರದಲ್ಲಿ ಕಾರ್ಯನಿರ್ವಹಿಸುತ್ತಿವೆ.

ಕಬ್ಬಿನ ಸಸ್ಯವನ್ನು ಮಾರ್ಪಡಿಸುವುದು ಕಷ್ಟಸಾಧ್ಯವೇಕೆ?

ಇದಕ್ಕೆ ಎರಡು ಕಾರಣಗಳಿವೆ. ಒಂದು ಜೀವವಿಜ್ಞಾನಕ್ಕೆ, ಇನ್ನೊಂದು ವ್ಯಾಪಾರಕ್ಕೆ ಸಂಬಂಧಿಸಿದ್ದು.

ಮಾನವ ಜೀವಕೋಶದಲ್ಲಿ 46 ವರ್ಣತಂತುಗಳಿರುತ್ತವೆ. ಇಂದಿನ ಕಬ್ಬಿನ ತಳಿಗಳಲ್ಲಿ 100ಕ್ಕೂ ಹೆಚ್ಚು ವರ್ಣತಂತುಗಳಿದ್ದು, ಒಂದೇ ಗುಣಕ್ಕೆ ಸಂಬಂಧಿಸಿದ ವಂಶವಾಹಿಯ ಹಲವಾರು ಪ್ರತಿಗಳು ಒಂದೇ ಗಿಡದಲ್ಲಿರುತ್ತವೆ. ಒಂದು ಪ್ರತಿಯನ್ನು ಬದಲಿಸಿದರೂ ಉಳಿದ ಪ್ರತಿಗಳು ಹಳೆಯ ಗುಣವನ್ನೇ ತೋರಬಹುದು. ಈ ಸಂಕೀರ್ಣತೆಯಿಂದಾಗಿ ಭತ್ತದ ವಂಶವಾಹಿ ನಕ್ಷೆ ಸಿದ್ಧವಾಗಿ ಸುಮಾರು ಎರಡು ದಶಕ ಕಳೆದ ಮೇಲೆ, 2024ರಲ್ಲಿ, ಆರ್ 570 ಎಂಬ ಸಂಕರ ಕಬ್ಬಿನ ತಳಿಯ ವಿವರವಾದ ನಕ್ಷೆಯನ್ನು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡ ಪ್ರಕಟಿಸಿತು. ಸಾಂಪ್ರದಾಯಿಕ ವಿಧಾನದಲ್ಲಿ ಒಂದು ಹೊಸ ತಳಿಯನ್ನು ಸಂಕರದಿಂದ ಬಿಡುಗಡೆಯವರೆಗೆ ತರಲು 10ರಿಂದ 15 ವರ್ಷಗಳು ಬೇಕಾಗುತ್ತವೆ.

ಎರಡನೆಯ ಕಾರಣ ಕಬ್ಬಿನ ಬೇಸಾಯದ ರೀತಿಯಲ್ಲೇ ಅಡಗಿದೆ. ಸಂಕರ ಜೋಳ ಅಥವಾ ಹತ್ತಿ ಬೆಳೆಯುವ ರೈತರು ಪ್ರತಿ ವರ್ಷ ಬೀಜ ಖರೀದಿಸುತ್ತಾರೆ. ಕಬ್ಬನ್ನು ಕಣ್ಣುಗಳಿರುವ ತುಂಡುಗಳಿಂದ ನಾಟಿ ಮಾಡಲಾಗುತ್ತದೆ. ಒಮ್ಮೆ ಉತ್ತಮ ತಳಿ ಕೈಸೇರಿದರೆ ರೈತರು ತಮ್ಮ ಹೊಲದಿಂದಲೇ ಬಿತ್ತನೆ ತುಂಡು ಪಡೆಯಬಹುದು, ನೆರೆಹೊರೆಯವರಿಗೂ ಕೊಡಬಹುದು. ಮೇಲಾಗಿ ಒಂದು ನಾಟಿಯಿಂದ ಎರಡು ಮೂರು ಕೂಳೆ ಬೆಳೆಗಳು ದೊರೆಯುತ್ತವೆ. ಇದು ರೈತರಿಗೆ ಅನುಕೂಲಕರವಾದ ವ್ಯವಸ್ಥೆ. ಆದರೆ ತಳಿ ರೂಪಿಸಿದವರಿಗೆ ವರ್ಷ ವರ್ಷವೂ ಆದಾಯ ಬರುವುದಿಲ್ಲ. ಆದ್ದರಿಂದಲೇ ಕಬ್ಬಿನ ತಳಿ ಅಭಿವೃದ್ಧಿ ಬಹುಮಟ್ಟಿಗೆ ಸಾರ್ವಜನಿಕ ಸಂಸ್ಥೆಗಳ ಹೊಣೆಯಾಗಿಯೇ ಉಳಿದಿದೆ. ಖಾಸಗಿ ಬಂಡವಾಳವು ಪದೇ ಪದೇ ಮಾರಾಟವಾಗುವ ವಸ್ತುಗಳತ್ತ ಹೆಚ್ಚಾಗಿ ಹರಿದಿದೆ.

ವಿಶ್ವದ ಇತರೆಡೆಗಳಲ್ಲಿ ಕುಲಾಂತರಿ ಕಬ್ಬಿಗೆ ಅನುಮೋದನೆ ದೊರೆತಿರುವುದುಂಟು. ಇಂಡೋನೇಷ್ಯಾ 2013ರಲ್ಲಿ ಬರ ಸಹಿಷ್ಣು ಕಬ್ಬಿಗೆ, ಬ್ರೆಜಿಲ್ 2017ರಲ್ಲಿ ಕಾಂಡಕೊರಕ ಹುಳುವನ್ನು ತಡೆಯುವ ಬಿ.ಟಿ. ಕಬ್ಬಿಗೆ ಒಪ್ಪಿಗೆ ನೀಡಿದವು. ಬ್ರೆಜಿಲ್‌ನಲ್ಲಿ ಸಕ್ಕರೆ ಕಾರ್ಖಾನೆಗಳೇ ವಿಶಾಲ ಪ್ರದೇಶದಲ್ಲಿ ಕಬ್ಬು ಬೆಳೆಯುವುದರಿಂದ ತಳಿಯ ಬಳಕೆಗೆ ಶುಲ್ಕ ಪಡೆಯುವುದು ಅಲ್ಲಿ ಸುಲಭ. ಸಣ್ಣ ಹಿಡುವಳಿಗಳೇ ಹೆಚ್ಚಾಗಿರುವ ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆಯಾಗಿರುತ್ತದೆ.

ಮಾರುಕಟ್ಟೆ ತಲುಪಿರುವ ಉತ್ಪನ್ನಗಳು

1. ಅಂಗಾಂಶ ಕೃಷಿಯ ಸಸಿಗಳು

ಕಬ್ಬಿನ ತುಂಡಿನೊಡನೆ ಅದರ ರೋಗಗಳೂ ಹೊಸ ಹೊಲಕ್ಕೆ ಸಾಗುತ್ತವೆ. ಕೆಂಪು ಕೊಳೆ ರೋಗ, ಕಾಡಿಗೆ ರೋಗ, ಹಳದಿ ಎಲೆ ರೋಗ ಮುಂತಾದವು ಹೀಗೆ ಹರಡುತ್ತವೆ. ಬೆಳೆಯುತ್ತಿರುವ ಗಿಡದ ಸುಳಿಯ ತುತ್ತತುದಿಯಲ್ಲಿರುವ ಜೀವಕೋಶಗಳಲ್ಲಿ ಸಾಮಾನ್ಯವಾಗಿ ನಂಜಾಣುಗಳು ಇರುವುದಿಲ್ಲ ಅಥವಾ ಅತ್ಯಲ್ಪವಾಗಿರುತ್ತವೆ. ಈ ಸೂಕ್ಷ್ಮ ಭಾಗವನ್ನು ಬೇರ್ಪಡಿಸಿ, ಗಾಜಿನ ಪಾತ್ರೆಯಲ್ಲಿ ಪೋಷಕಾಂಶಗಳ ಮಾಧ್ಯಮದ ಮೇಲೆ ಬೆಳೆಸಿ, ಸಹಸ್ರಾರು ಸಸಿಗಳನ್ನಾಗಿ ವೃದ್ಧಿಪಡಿಸುವ ವಿಧಾನವೇ ಅಂಗಾಂಶ ಕೃಷಿ.

ಸಾಮಾನ್ಯ ವಿಧಾನದಲ್ಲಿ ಒಂದು ಎಕರೆಯ ಬಿತ್ತನೆ ಕಬ್ಬಿನಿಂದ ಮರುವರ್ಷ ಸುಮಾರು 10 ಎಕರೆಗೆ ಮಾತ್ರ ನಾಟಿ ಸಾಧ್ಯ. ಇದರಿಂದ ಹೊಸ ತಳಿಯು ಎಲ್ಲ ರೈತರನ್ನು ತಲುಪಲು ಅನೇಕ ವರ್ಷಗಳಾಗುತ್ತವೆ. ಅಂಗಾಂಶ ಕೃಷಿಯು ಈ ಅವಧಿಯನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ.

ಮೊದಲ ಪೀಳಿಗೆಯ ಅಂಗಾಂಶ ಕೃಷಿ ಸಸಿಗಳು ಹೆಚ್ಚು ಮರಿಗಳನ್ನೊಡೆದು ತೆಳುವಾದ ಕಬ್ಬನ್ನು ನೀಡುವುದು ಸಾಮಾನ್ಯ. ಇದನ್ನು ಕಂಡು ರೈತರು ನಿರಾಶರಾಗಬೇಕಾಗಿಲ್ಲ. ಈ ಬೆಳೆಯನ್ನು ಕಾರ್ಖಾನೆಗೆ ಕಳುಹಿಸದೆ ಬಿತ್ತನೆಗಾಗಿ ಬಳಸುವುದು ಸೂಕ್ತ; ಮುಂದಿನ ಪೀಳಿಗೆಯಲ್ಲಿ ಕಬ್ಬು ಸಹಜ ಗಾತ್ರಕ್ಕೆ ಬರುತ್ತದೆ. ಒಂದೇ ತಳಿಯನ್ನು ಇಡೀ ಪ್ರದೇಶದಲ್ಲಿ ನಾಟಿ ಮಾಡುವುದು ಸಹ ಅಪಾಯಕರ. ಉತ್ತರ ಪ್ರದೇಶದಲ್ಲಿ ಬಹುಪಾಲು ಕ್ಷೇತ್ರವನ್ನು ಆವರಿಸಿದ್ದ ಸಿಒ 0238 ತಳಿಯು ಕೆಂಪು ಕೊಳೆ ರೋಗಕ್ಕೆ ತುತ್ತಾದುದು ಇದಕ್ಕೆ ನಿದರ್ಶನವಾಗಿದೆ.

2. ಉಪಕಾರಿ ಕೀಟಗಳು ಮತ್ತು ಜಂತುಗಳು

ಬೆಂಗಳೂರಿನಲ್ಲಿ ಜೈವಿಕ ಕೀಟ ನಿಯಂತ್ರಣ ಸಂಶೋಧನೆಗೆ ದೀರ್ಘ ಇತಿಹಾಸವಿದೆ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ನಗರದಲ್ಲಿ ಆರಂಭವಾಯಿತು. 1993ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಹೆಬ್ಬಾಳದಲ್ಲಿ ಸ್ಥಾಪನೆಯಾಯಿತು. ಅದೇ ಸಂಸ್ಥೆ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

2002ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡ ಕಬ್ಬಿನ ಬಿಳಿ ಉಣ್ಣೆ ಹೇನು ಶೀಘ್ರವಾಗಿ ಉತ್ತರ ಕರ್ನಾಟಕದ ಹೊಲಗಳಿಗೂ ಹರಡಿತು. ಎಲೆಯ ಕೆಳಭಾಗದಲ್ಲಿ ಬಿಳಿ ಮೇಣದಂತಹ ಪದಾರ್ಥದಿಂದ ಮುಚ್ಚಿಕೊಂಡು ರಸ ಹೀರುವ ಈ ಹೇನಿಗೆ ಎತ್ತರವಾಗಿ ಬೆಳೆದ ಕಬ್ಬಿನೊಳಗೆ ಔಷಧಿ ಸಿಂಪಡಿಸುವುದು ದುಸ್ತರವಾಗಿತ್ತು. ಡೈಫಾ ಎಂಬ ಪತಂಗದ ಮರಿಹುಳು ಹಾಗೂ ಮೈಕ್ರೋಮಸ್ ಎಂಬ ಕೀಟ ಈ ಹೇನನ್ನು ತಿಂದು ಬದುಕುತ್ತವೆ ಎಂಬುದನ್ನು ಗುರುತಿಸಿದ ವಿಜ್ಞಾನಿಗಳು ಅವುಗಳನ್ನು ಸಂರಕ್ಷಿಸಿ, ವೃದ್ಧಿಪಡಿಸಿ ಹೊಲಗಳಿಗೆ ಬಿಡುವ ಕ್ರಮ ಕೈಗೊಂಡರು. ಎನ್‌ಕಾರ್ಸಿಯಾ ಎಂಬ ಪರತಂತ್ರ ಕೀಟವನ್ನು ಈಶಾನ್ಯ ಭಾರತದಿಂದ ತರಲಾಯಿತು. ರಾಸಾಯನಿಕ ಸಿಂಪಡಣೆ ನಿಲ್ಲಿಸಿದ ಹೊಲಗಳಲ್ಲಿ ಈ ಕೀಟಗಳು ನೆಲೆಯೂರಿ ಹೇನಿನ ಹಾವಳಿ ಹತೋಟಿಗೆ ಬಂದಿತು. ಒಮ್ಮೆ ನೆಲೆಯೂರಿದ ಉಪಕಾರಿ ಕೀಟವನ್ನು ರೈತರು ಮತ್ತೆ ಖರೀದಿಸಬೇಕಾಗಿಲ್ಲ. ಸಾರ್ವಜನಿಕ ಸಂಶೋಧನೆಯ ಎಲ್ಲ ಫಲಗಳೂ ಮಾರಾಟದ ಸರಕಾಗಲೇಬೇಕೆಂದಿಲ್ಲ ಎಂಬುದಕ್ಕೆ ಇದು ಉತ್ತಮ ಉದಾಹರಣೆಯಾಗಿದೆ.

ಮಾರುಕಟ್ಟೆಯಲ್ಲಿ ದೊರೆಯುವ ಉತ್ಪನ್ನಗಳೂ ಇವೆ. ಕೊರಕ ಹುಳುಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅವುಗಳನ್ನು ನಾಶಪಡಿಸುವ ಟ್ರೈಕೋಗ್ರಾಮ ಕಣಜವನ್ನು ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ ಬೆಳೆಸಿ, ಕಾರ್ಡುಗಳ ರೂಪದಲ್ಲಿ ಪೂರೈಸಲಾಗುತ್ತದೆ. ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳುವಿನ ಹತೋಟಿಗೆ ಕೀಟನಾಶಕ ಜಂತುಹುಳುಗಳು ಉಪಯುಕ್ತವಾಗಿವೆ. ಮಣ್ಣಿನಲ್ಲಿರುವ ಈ ಸೂಕ್ಷ್ಮ ಜಂತುಗಳು ಗೊಣ್ಣೆ ಹುಳುವಿನ ದೇಹವನ್ನು ಪ್ರವೇಶಿಸಿ, ತಮ್ಮೊಡನಿರುವ ಬ್ಯಾಕ್ಟೀರಿಯಾವನ್ನು ಬಿಡುಗಡೆ ಮಾಡಿ ಕೆಲವೇ ದಿನಗಳಲ್ಲಿ ಅದನ್ನು ಕೊಲ್ಲುತ್ತವೆ.

ಪ್ರಯೋಗಾಲಯದಲ್ಲಿ ಇದು ಬಹಳ ಹಿಂದೆಯೇ ತಿಳಿದಿದ್ದ ವಿಷಯ. ಜೀವಂತ ಜಂತುವನ್ನು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಉಳಿಸುವುದೇ ನಿಜವಾದ ಸಮಸ್ಯೆಯಾಗಿತ್ತು. ನೀರಿನಲ್ಲಿಟ್ಟರೆ ಅವು ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಬೆಂಗಳೂರಿನ ಕೀಟ ಸಂಪನ್ಮೂಲ ಬ್ಯೂರೋ ಹೆಟೆರೋರ್ಹಬ್ಡೈಟಿಸ್ ಇಂಡಿಕಾ ಎಂಬ ಜಂತುವನ್ನು ನೀರಿನಲ್ಲಿ ಕರಗಿಸಿ ಬಳಸಬಹುದಾದ ಪುಡಿಯ ರೂಪಕ್ಕೆ ತಂದು, ಆ ತಂತ್ರಜ್ಞಾನವನ್ನು ಹಲವು ಖಾಸಗಿ ಉತ್ಪಾದಕರಿಗೆ ಪರವಾನಗಿಯ ಮೂಲಕ ವರ್ಗಾಯಿಸಿದೆ. ಸಂಶೋಧನೆಯು ಉತ್ಪನ್ನವಾಗುವ ಕ್ರಮವನ್ನು ಇದರಿಂದ ಸ್ಪಷ್ಟವಾಗಿ ತಿಳಿಯಬಹುದಾಗಿದೆ.

3. ಸಕ್ಕರೆ ಕಾರ್ಖಾನೆಯಲ್ಲಿ ಬಳಸುವ ಕಿಣ್ವಗಳು

ಕಟಾವಾದ ಕಬ್ಬು ಕಾರ್ಖಾನೆಯ ಮುಂದೆ ಗಾಡಿಗಳಲ್ಲಿ ಕಾಯುತ್ತಾ ನಿಂತಷ್ಟೂ ಅದರ ಸಕ್ಕರೆ ಅಂಶ ಕುಸಿಯುತ್ತದೆ. ಕತ್ತರಿಸಿದ ತುದಿಗಳ ಮೂಲಕ ಒಳಸೇರುವ ಲ್ಯುಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವನ್ನಾಗಿ ಪರಿವರ್ತಿಸುತ್ತದೆ. ಡೆಕ್ಸ್‌ಟ್ರಾನ್ ಹೆಚ್ಚಾದರೆ ಕಬ್ಬಿನ ಹಾಲು ದಪ್ಪವಾಗುತ್ತದೆ, ಸೋಸುವುದು ನಿಧಾನವಾಗುತ್ತದೆ, ಸಕ್ಕರೆ ಹರಳುಗಳ ಆಕಾರ ಕೆಡುತ್ತದೆ. ಇದನ್ನು ತುಂಡರಿಸಲು ಡೆಕ್ಸ್‌ಟ್ರನೇಸ್ ಎಂಬ ಕಿಣ್ವವನ್ನೂ, ಕಬ್ಬಿನ ಹಾಲಿನಲ್ಲಿರುವ ಪಿಷ್ಟವನ್ನು ಒಡೆಯಲು ಅಮೈಲೇಸ್ ಎಂಬ ಕಿಣ್ವವನ್ನೂ ಕಾರ್ಖಾನೆಗಳು ಬಳಸುತ್ತವೆ.

ಕಿಣ್ವವು ನಷ್ಟವನ್ನು ಕಡಿಮೆ ಮಾಡುತ್ತದೆಯೇ ಹೊರತು ಕಳೆದುಹೋದ ಸಕ್ಕರೆಯನ್ನು ಮರಳಿಸುವುದಿಲ್ಲ. ಕಟಾವಾದ 24 ಗಂಟೆಗಳೊಳಗೆ ಕಬ್ಬು ನುರಿಸುವಂತೆ ವ್ಯವಸ್ಥೆ ಮಾಡುವುದಕ್ಕಿಂತ ಉತ್ತಮ ಪರಿಹಾರ ಮತ್ತೊಂದಿಲ್ಲ.

4. ಎಥೆನಾಲ್

ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಸಕ್ಕರೆ ತೆಗೆದ ನಂತರ ಉಳಿಯುವ ಅಂತಿಮ ಕಾಕಂಬಿಯ ಒಂದು ಟನ್ನಿನಿಂದ ಸುಮಾರು 225 ಲೀಟರ್, ಹೆಚ್ಚು ಸಕ್ಕರೆ ಅಂಶವಿರುವ ಬಿ-ಹೆವಿ ಕಾಕಂಬಿಯ ಒಂದು ಟನ್ನಿನಿಂದ ಸುಮಾರು 300 ಲೀಟರ್, ಹಾಗೂ ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಬಳಸಿದಲ್ಲಿ ಸುಮಾರು 70 ಲೀಟರ್ ಎಥೆನಾಲ್ ದೊರೆಯುತ್ತದೆ.

ಪೆಟ್ರೋಲ್‌ನಲ್ಲಿ ಶೇ. 5ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಆರಂಭವಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಇದು ವೇಗ ಪಡೆದು, 2025ರಲ್ಲಿ ದೇಶವು ಶೇ. 20ರ ಮಿಶ್ರಣದ ಮಟ್ಟ ತಲುಪಿತು. ಆದರೂ ಎಥೆನಾಲ್ ಬೇಡಿಕೆ ಕಬ್ಬು ಬೆಳೆಗಾರರಿಗೆ ಸದಾ ಖಚಿತವಾದ ಆಸರೆ ಎಂದು ಭಾವಿಸುವಂತಿಲ್ಲ. ಮಳೆ ಕೊರತೆಯಿಂದ ಸಕ್ಕರೆ ಉತ್ಪಾದನೆ ಕುಸಿಯುವ ಸಂಭವ ಕಂಡುಬಂದಾಗ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ಕೇಂದ್ರ ಸರ್ಕಾರ ನಿರ್ಬಂಧ ವಿಧಿಸಿತು. 2024ರ ಆಗಸ್ಟ್‌ನಲ್ಲಿ ಮುಂದಿನ ವರ್ಷಕ್ಕಾಗಿ ನಿರ್ಬಂಧ ತೆರವುಗೊಂಡಿತು. ಅಷ್ಟರಲ್ಲಿ ಮೆಕ್ಕೆಜೋಳ ಮುಂತಾದ ಧಾನ್ಯಗಳಿಂದ ತಯಾರಾಗುವ ಎಥೆನಾಲ್‌ನ ಪ್ರಮಾಣ ಕಬ್ಬಿನ ಎಥೆನಾಲ್ ಅನ್ನು ಮೀರಿತ್ತು.

ಒಂದು ಲೀಟರ್ ಮದ್ಯಸಾರ ತಯಾರಿಕೆಯಲ್ಲಿ 8ರಿಂದ 15 ಲೀಟರ್‌ಗಳಷ್ಟು ಕಂದು ಬಣ್ಣದ ತ್ಯಾಜ್ಯ ದ್ರವ ಉತ್ಪತ್ತಿಯಾಗುತ್ತದೆ. ಇದನ್ನು ಹಳ್ಳ ಕೊಳ್ಳಗಳಿಗೆ ಹರಿಯಬಿಡುವಂತಿಲ್ಲ. ಆಮ್ಲಜನಕರಹಿತ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ಇದರಿಂದ ಜೈವಿಕ ಅನಿಲ ಪಡೆಯಬಹುದು. ಇದು ಸಹ ಜೈವಿಕ ತಂತ್ರಜ್ಞಾನದ ಒಂದು ಅನ್ವಯವಾಗಿದೆ.

5. ಕಬ್ಬಿನ ಸಿಪ್ಪೆ

ನುರಿಸಿದ ಕಬ್ಬಿನ ತೂಕದ ಸುಮಾರು ಶೇ. 30ರಷ್ಟು ಭಾಗ ಬಗಾಸ್ ಎಂದು ಕರೆಯುವ ಹಸಿ ಸಿಪ್ಪೆಯಾಗಿ ಉಳಿಯುತ್ತದೆ. ಇದರಲ್ಲಿರುವ ಸೆಲ್ಯುಲೋಸ್ ಸಹ ಮೂಲತಃ ಸಕ್ಕರೆಯ ಸರಪಳಿಯೇ ಆಗಿದೆ. ಸೆಲ್ಯುಲೇಸ್ ಕಿಣ್ವಗಳಿಂದ ಆ ಸರಪಳಿಯನ್ನು ಒಡೆದರೆ ಎರಡನೇ ಪೀಳಿಗೆಯ ಎಥೆನಾಲ್ ತಯಾರಿಸಬಹುದು. ಆದರೆ ಸೆಲ್ಯುಲೋಸ್ ಅನ್ನು ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಸುತ್ತುವರಿದಿರುವುದರಿಂದ ಮೊದಲು ಹಬೆ ಅಥವಾ ಆಮ್ಲದಿಂದ ಅದನ್ನು ಸಡಿಲಿಸಬೇಕು. ಈ ಹಂತದ ಯಂತ್ರಗಳ ವೆಚ್ಚ ಮತ್ತು ಕಿಣ್ವಗಳ ಬೆಲೆ ಇಂದಿಗೂ ಹೆಚ್ಚಾಗಿದೆ. ಕಾರ್ಖಾನೆಗಳು ಸಿಪ್ಪೆಯನ್ನು ಉರಿಸಿ ಹಬೆ ಮತ್ತು ವಿದ್ಯುತ್ ಪಡೆಯುತ್ತಿರುವುದರಿಂದ, ಹೊಸ ಬಳಕೆಯು ಅದಕ್ಕಿಂತ ಲಾಭದಾಯಕವೆಂದು ಸಾಬೀತಾಗಬೇಕಾಗುತ್ತದೆ.

ಬೆಂಗಳೂರಿನ ಹೊರವಲಯದ ಪಾತ್ರ

ಎಲೆಕ್ಟ್ರಾನಿಕ್ ಸಿಟಿ: 1978ರಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯ ಮೊದಲ ಉತ್ಪನ್ನಗಳು ಔಷಧಿಗಳಾಗಿರಲಿಲ್ಲ. ಪರಂಗಿ ಹಾಲಿನಿಂದ ಪಡೆಯುವ ಪಪೈನ್ ಕಿಣ್ವ ಮತ್ತು ಮೀನಿನಿಂದ ಪಡೆಯುವ ಐಸಿಂಗ್ಲಾಸ್ ಎಂಬ ಪದಾರ್ಥಗಳನ್ನು ಅದು ರಫ್ತು ಮಾಡುತ್ತಿತ್ತು. ಸೂಕ್ಷ್ಮಜೀವಿಗಳಿಂದ ಕಿಣ್ವ ತಯಾರಿಸುವಲ್ಲಿ ಗಳಿಸಿದ ಪರಿಣತಿಯೇ ಮುಂದೆ ಔಷಧಿ ತಯಾರಿಕೆಗೆ ಬುನಾದಿಯಾಯಿತು. 2007ರಲ್ಲಿ ಬಯೋಕಾನ್ ತನ್ನ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕ್‌ನ ನೊವೊಝೈಮ್ಸ್ ಸಂಸ್ಥೆಗೆ ಮಾರಾಟ ಮಾಡಿತು. ರಾಜ್ಯ ಸರ್ಕಾರವು 2001ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ್ದು, ಎಲೆಕ್ಟ್ರಾನಿಕ್ ಸಿಟಿಯ ಹೆಲಿಕ್ಸ್ ಬಯೋಟೆಕ್ ಪಾರ್ಕ್‌ನಲ್ಲಿ ಜೈವಿಕ ಮಾಹಿತಿ ವಿಜ್ಞಾನ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಹಾಗೂ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್ ಇವೆ. ಹೊಸ ಉದ್ಯಮಿಗಳಿಗೆ ಸ್ವಂತವಾಗಿ ಕೊಳ್ಳಲಾಗದ ಉಪಕರಣಗಳನ್ನು ಹಂಚಿಕೊಂಡು ಬಳಸುವ ಅವಕಾಶ ಇಲ್ಲಿ ದೊರೆಯುತ್ತದೆ.

ವೈಟ್‌ಫೀಲ್ಡ್: ಇಲ್ಲಿನ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶದಲ್ಲಿ ನೊವೊಝೈಮ್ಸ್ ಸಂಸ್ಥೆಯ ಭಾರತೀಯ ಕೇಂದ್ರ ನೆಲೆಗೊಂಡಿತು. ಪಿಷ್ಟ ಮತ್ತು ಸೆಲ್ಯುಲೋಸ್ ಅನ್ನು ಒಡೆಯುವ ಕಿಣ್ವಗಳಿಗೆ ಈ ಸಂಸ್ಥೆ ವಿಶ್ವಮಟ್ಟದಲ್ಲಿ ಹೆಸರಾಗಿದೆ. 2024ರ ಜನವರಿಯಲ್ಲಿ ಮತ್ತೊಂದು ಡ್ಯಾನಿಶ್ ಸಂಸ್ಥೆಯೊಂದಿಗೆ ವಿಲೀನಗೊಂಡು ಅದು ನೊವೊನೆಸಿಸ್ ಎಂಬ ಹೆಸರು ಪಡೆದಿದೆ.

ಪೀಣ್ಯ: 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶವು ಸಣ್ಣ ಮತ್ತು ಮಧ್ಯಮ ಪ್ರಮಾಣದ ಯಂತ್ರೋಪಕರಣ ಘಟಕಗಳಿಗೆ ಪ್ರಸಿದ್ಧವಾಗಿದೆ. ತುಕ್ಕುಹಿಡಿಯದ ಉಕ್ಕಿನ ತೊಟ್ಟಿ, ಕೊಳವೆ, ಕವಾಟ, ನಿಯಂತ್ರಣ ಫಲಕಗಳಿಲ್ಲದೆ ಯಾವ ಜೈವಿಕ ಉತ್ಪನ್ನವೂ ಪ್ರಯೋಗಾಲಯದಿಂದ ಹೊರಬರಲಾರದು. ಆದ್ದರಿಂದ ಇಂತಹ ಯಂತ್ರ ಕೌಶಲ್ಯವು ಜೀವವಿಜ್ಞಾನದಷ್ಟೇ ಮುಖ್ಯವಾಗುತ್ತದೆ. ಪೀಣ್ಯದ ಆಚೆ ತುಮಕೂರು ರಸ್ತೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರವರಿ 6ರಂದು ಶೇ. 20ರ ಎಥೆನಾಲ್ ಮಿಶ್ರಿತ ಪೆಟ್ರೋಲ್‌ನ ಮಾರಾಟಕ್ಕೆ 84 ಬಂಕ್‌ಗಳಲ್ಲಿ ಚಾಲನೆ ನೀಡಲಾಯಿತು.

ಪ್ರಯೋಗಾಲಯದಿಂದ ಕಾರ್ಖಾನೆಗೆ

ಸಂಶೋಧನೆಯೊಂದು ಉತ್ಪನ್ನವಾಗಲು ಸಾಮಾನ್ಯವಾಗಿ ಈ ಕೆಳಕಂಡ ಹಂತಗಳನ್ನು ದಾಟಬೇಕಾಗುತ್ತದೆ.

ಅ) ಪ್ರಮಾಣ ವೃದ್ಧಿ: ಗಾಜಿನ ಬುದ್ದಲಿಯಲ್ಲಿ ಚೆನ್ನಾಗಿ ಬೆಳೆಯುವ ಸೂಕ್ಷ್ಮಜೀವಿ ಸಾವಿರಾರು ಲೀಟರ್‌ಗಳ ಹುದುಗು ತೊಟ್ಟಿಯಲ್ಲಿ ಹಾಗೆಯೇ ಬೆಳೆಯುವುದೆಂಬ ಭರವಸೆಯಿಲ್ಲ. ತೊಟ್ಟಿ ದೊಡ್ಡದಾದಂತೆ ಎಲ್ಲ ಭಾಗಗಳಿಗೆ ಗಾಳಿ ತಲುಪಿಸುವುದು, ಉಂಟಾಗುವ ಶಾಖವನ್ನು ಹೊರತೆಗೆಯುವುದು, ಅನ್ಯ ಸೂಕ್ಷ್ಮಜೀವಿಗಳು ಸೇರದಂತೆ ಕಾಪಾಡುವುದು ಕಠಿಣವಾಗುತ್ತದೆ.

ಆ) ಸ್ಥಿರತೆ: ಉತ್ಪನ್ನವು ಸಾಗಣೆಯ ಬಿಸಿಲನ್ನೂ ಗೋದಾಮಿನ ಅವಧಿಯನ್ನೂ ತಾಳಿಕೊಳ್ಳಬೇಕು. ಬೆಂಗಳೂರಿನ ಹವೆಯಲ್ಲಿ ತಯಾರಾದ ಜೀವಂತ ಉತ್ಪನ್ನವು ಬೇಸಿಗೆಯ ಬಾಗಲಕೋಟೆಯನ್ನು ಜೀವಂತವಾಗಿಯೇ ತಲುಪಬೇಕಾಗುತ್ತದೆ.

ಇ) ಕ್ಷೇತ್ರ ಪರೀಕ್ಷೆ: ಬೇರೆ ಬೇರೆ ಮಣ್ಣು, ನೀರು, ತಳಿಗಳಲ್ಲಿ ಒಂದಕ್ಕಿಂತ ಹೆಚ್ಚು ಹಂಗಾಮುಗಳ ಪರೀಕ್ಷೆ ಅಗತ್ಯ. ಕಬ್ಬು 10ರಿಂದ 18 ತಿಂಗಳ ಬೆಳೆಯಾದ್ದರಿಂದ ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಈ) ಬೆಲೆ: ಔಷಧಿಯ ಒಂದು ಗ್ರಾಂ ಸಾವಿರಾರು ರೂಪಾಯಿಗೆ ಮಾರಾಟವಾಗಬಹುದು. ಟನ್ ಲೆಕ್ಕದಲ್ಲಿ ಮಾರಾಟವಾಗುವ ಕಬ್ಬಿಗೆ ಬಳಸುವ ಉತ್ಪನ್ನವು ಅಗ್ಗವಾಗಿರಲೇಬೇಕು.

ಅನ್ವಯವಾಗುವ ಕಾನೂನುಗಳು

ಕುಲಾಂತರಿ ಸಸ್ಯಗಳಿಗೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿಯ 1989ರ ನಿಯಮಗಳು ಅನ್ವಯಿಸುತ್ತವೆ. ಭಾರತದಲ್ಲಿ 2002ರಿಂದ ವಾಣಿಜ್ಯವಾಗಿ ಬೆಳೆಯಲಾಗುತ್ತಿರುವ ಅನುಮೋದಿತ ಕುಲಾಂತರಿ ಬೆಳೆ ಹತ್ತಿ ಮಾತ್ರ. ಅನ್ಯ ಜೀವಿಯ ವಂಶವಾಹಿ ಸೇರಿಸದ ಕೆಲವು ಬಗೆಯ ಜೀನ್ ಸಂಪಾದಿತ ಸಸ್ಯಗಳಿಗೆ 2022ರಲ್ಲಿ ಈ ನಿಯಮಗಳ ಕೆಲವು ಭಾಗಗಳಿಂದ ವಿನಾಯಿತಿ ನೀಡಲಾಗಿದೆ.

ಸೂಕ್ಷ್ಮಜೀವಿಗಳಿಂದ ತಯಾರಾದ ಜೈವಿಕ ಕೀಟನಾಶಕಗಳಿಗೆ 1968ರ ಕೀಟನಾಶಕ ಕಾಯಿದೆಯಡಿ ನೋಂದಣಿ ಕಡ್ಡಾಯ. ಪರಭಕ್ಷಕ ಮತ್ತು ಪರತಂತ್ರ ಕೀಟಗಳು ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವುಗಳ ಗುಣಮಟ್ಟ ಪೂರೈಕೆದಾರರ ಪ್ರಾಮಾಣಿಕತೆಯನ್ನು ಅವಲಂಬಿಸಿರುತ್ತದೆ. ಜೈವಿಕ ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಅದೇ ವರ್ಷ ಅಂಗಾಂಶ ಕೃಷಿ ಸಸಿಗಳ ಪ್ರಮಾಣೀಕರಣಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಮೂಲಕ ರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂದಿತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು, ತಮ್ಮ ಹೊಲದ ಬಿತ್ತನೆಯನ್ನು ಉಳಿಸಿಕೊಳ್ಳುವ, ಮರುಬಳಸುವ, ವಿನಿಮಯ ಮಾಡಿಕೊಳ್ಳುವ ಹಾಗೂ ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ನೀಡಿದೆ.

ಲಾಭದಲ್ಲಿ ರೈತರ ಪಾಲು

ಹೊಸ ತಂತ್ರಜ್ಞಾನದಿಂದ ಸಕ್ಕರೆ ಹೆಚ್ಚಿದರೆ ಅಥವಾ ಉಪ ಉತ್ಪನ್ನಗಳಿಗೆ ಬೆಲೆ ಬಂದರೆ ಅದು ರೈತರನ್ನು ಹೇಗೆ ತಲುಪುತ್ತದೆ ಎಂಬುದು ಮಹತ್ವದ ಪ್ರಶ್ನೆಯಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದಡಿ ಕೇಂದ್ರ ಸರ್ಕಾರ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಅಂದರೆ ಎಫ್.ಆರ್.ಪಿ. ನಿಗದಿಪಡಿಸುತ್ತದೆ. 2025-26ರ ಹಂಗಾಮಿಗೆ ಶೇ. 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂ. ನಿಗದಿಯಾಗಿದ್ದು, ಅದಕ್ಕಿಂತ ಹೆಚ್ಚಿನ ಪ್ರತಿ ಶೇ. 0.1ರ ಇಳುವರಿಗೆ 3.46 ರೂ. ಸೇರಿಸಲಾಗುತ್ತದೆ. ಇದರಂತೆ ಶೇ. 11.25ರ ಇಳುವರಿ ಇರುವ ಕಾರ್ಖಾನೆಯಲ್ಲಿ ಬೆಲೆ ಕ್ವಿಂಟಾಲಿಗೆ 389.60 ರೂ., ಟನ್ನಿಗೆ 3,896 ರೂ. ಆಗುತ್ತದೆ. ಕಟಾವು ಮತ್ತು ಸಾಗಣೆ ವೆಚ್ಚವನ್ನು ಈ ಮೊತ್ತದಿಂದ ಕಳೆಯಲಾಗುವುದರಿಂದ ಕೈಗೆ ಬರುವ ಹಣ ಇದಕ್ಕಿಂತ ಕಡಿಮೆಯಿರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಇಳುವರಿಯು ಇಡೀ ಕಾರ್ಖಾನೆಯ ಸರಾಸರಿಯೇ ಹೊರತು ಒಬ್ಬ ರೈತರ ಕಬ್ಬಿನದ್ದಲ್ಲ. ರೋಗರಹಿತ ಸಸಿ ನೆಟ್ಟ ರೈತರಿಗೆ ಹೆಚ್ಚುವರಿ ತೂಕದ ಹಣ ದೊರೆಯುತ್ತದೆ. ಅವರ ಕಬ್ಬಿನ ಹೆಚ್ಚುವರಿ ಸಿಹಿಗೆ ಪ್ರತ್ಯೇಕ ಬೆಲೆ ದೊರೆಯುವುದಿಲ್ಲ. ಒಂದು ಕಾರ್ಖಾನೆಯ ವ್ಯಾಪ್ತಿಯ ಬಹುಪಾಲು ರೈತರು ಒಟ್ಟಾಗಿ ಉತ್ತಮ ಬಿತ್ತನೆ ಬಳಸಿದಾಗ ಮಾತ್ರ ಸರಾಸರಿ ಏರಿ ಎಲ್ಲರಿಗೂ ಪ್ರಯೋಜನವಾಗುತ್ತದೆ. ಆದುದರಿಂದ ಬಿತ್ತನೆ ಬದಲಾವಣೆಯನ್ನು ಗ್ರಾಮ ಅಥವಾ ಸಹಕಾರ ಸಂಘದ ಮಟ್ಟದಲ್ಲಿ ಕೈಗೊಳ್ಳುವುದು ಹೆಚ್ಚು ಫಲಕಾರಿ.

ಉಪ ಉತ್ಪನ್ನಗಳ ವಿಷಯದಲ್ಲಿ, 2012ರಲ್ಲಿ ಡಾ. ಸಿ. ರಂಗರಾಜನ್ ಸಮಿತಿಯು ಸಕ್ಕರೆ, ಸಿಪ್ಪೆ, ಕಾಕಂಬಿ ಮತ್ತು ಪ್ರೆಸ್‌ಮಡ್‌ಗಳಿಂದ ಬರುವ ಮೌಲ್ಯದ ಶೇ. 70ರಷ್ಟನ್ನು ರೈತರಿಗೆ ನೀಡುವಂತೆ ಶಿಫಾರಸು ಮಾಡಿತು. ಕರ್ನಾಟಕವು 2013ರಲ್ಲಿ ಕಬ್ಬಿನ ಖರೀದಿ ಮತ್ತು ಸರಬರಾಜು ನಿಯಂತ್ರಣಕ್ಕಾಗಿ ಪ್ರತ್ಯೇಕ ಅಧಿನಿಯಮವನ್ನು ಜಾರಿಗೊಳಿಸಿ ಕಬ್ಬು ನಿಯಂತ್ರಣ ಮಂಡಳಿಗೆ ಅವಕಾಶ ಕಲ್ಪಿಸಿತು. ಹಿಂದೆ ಕಾಕಂಬಿ ಕಡಿಮೆ ಬೆಲೆಯ ಉಳಿಕೆಯಾಗಿತ್ತು. ಇಂದು ಅದು ಇಂಧನದ ಕಚ್ಚಾವಸ್ತುವಾಗಿದ್ದು, ನಾಳೆ ಸಿಪ್ಪೆಯೂ ಹಾಗೆಯೇ ಆಗಬಹುದು. ಪ್ರತಿಯೊಂದು ಹೊಸ ಉತ್ಪನ್ನ ಬಂದಾಗಲೂ ಅದರ ಮೌಲ್ಯ ಪಾಲು ಹಂಚಿಕೆಯ ಲೆಕ್ಕಕ್ಕೆ ಸೇರದಿದ್ದಲ್ಲಿ ತಂತ್ರಜ್ಞಾನದ ಲಾಭ ಕಾರ್ಖಾನೆಯ ಬಾಗಿಲಿನಲ್ಲೇ ನಿಲ್ಲುತ್ತದೆ.

ರೈತ ಬಾಂಧವರ ಗಮನಕ್ಕೆ

1. ಅಂಗಾಂಶ ಕೃಷಿ ಸಸಿ ಖರೀದಿಸುವಾಗ ತಳಿಯ ಹೆಸರು, ಉತ್ಪಾದಕರ ವಿವರ ಮತ್ತು ಪ್ರಮಾಣೀಕರಣದ ಗುರುತನ್ನು ಪರಿಶೀಲಿಸುವುದು. ರಸೀದಿಯನ್ನು ಕಡ್ಡಾಯವಾಗಿ ಪಡೆಯುವುದು.

2. ಜೈವಿಕ ಕೀಟನಾಶಕ ಮತ್ತು ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಸೂಕ್ಷ್ಮಜೀವಿಯ ಹೆಸರನ್ನು ಗಮನಿಸುವುದು. ಕೀಟನಾಶಕವಾದಲ್ಲಿ ನೋಂದಣಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳುವುದು.

3. ಜೀವಂತ ಉತ್ಪನ್ನಗಳನ್ನು ಬಿಸಿಲಿನಲ್ಲಿ ಇಡದೆ, ಸಂಜೆಯ ವೇಳೆ, ಮಣ್ಣಿನಲ್ಲಿ ತೇವಾಂಶವಿರುವಾಗ ಬಳಸುವುದು.

4. ಉಪಕಾರಿ ಕೀಟಗಳನ್ನು ಬಿಟ್ಟ ಹೊಲದಲ್ಲಿ ರಾಸಾಯನಿಕ ಕೀಟನಾಶಕ ಸಿಂಪಡಿಸದಿರುವುದು.

5. ಹೊಸ ಉತ್ಪನ್ನವನ್ನು ಮೊದಲು ಹೊಲದ ಒಂದು ಭಾಗದಲ್ಲಿ ಮಾತ್ರ ಬಳಸಿ, ಉಳಿದ ಭಾಗದೊಡನೆ ಹೋಲಿಸಿ ನೋಡುವುದು.

6. ಒಂದೇ ತಳಿಯನ್ನು ಅವಲಂಬಿಸದೆ ಎರಡು ಮೂರು ಶಿಫಾರಸು ಮಾಡಿದ ತಳಿಗಳನ್ನು ಬೆಳೆಯುವುದು.

ಉಪಸಂಹಾರ

ಕಬ್ಬಿನ ಜೈವಿಕ ತಂತ್ರಜ್ಞಾನದ ಯಶಸ್ಸನ್ನು ಕೇವಲ ಪೇಟೆಂಟ್‌ಗಳ ಅಥವಾ ಹೊಸ ಕಂಪನಿಗಳ ಸಂಖ್ಯೆಯಿಂದ ಅಳೆಯಲಾಗದು. ಹೆಬ್ಬಾಳದಲ್ಲಿ ಗುರುತಿಸಿದ ಜಂತುಹುಳು ಗೊಣ್ಣೆ ಹುಳುವಿನ ಹಾವಳಿಯಿರುವ ಹೊಲವನ್ನು ಶಕ್ತಿಯುತವಾಗಿ ತಲುಪಬೇಕು. ಕಾರ್ಖಾನೆಯಲ್ಲಿ ಕಿಣ್ವದಿಂದ ಉಳಿದ ಸಕ್ಕರೆ ಕಬ್ಬು ಬೆಳೆದವರ ಬಿಲ್ಲಿನಲ್ಲಿಯೂ ಕಾಣಬೇಕು. ಇವೆರಡೂ ಆದಾಗ ಮಾತ್ರ ಸಂಶೋಧನೆಯು ನಿಜವಾದ ಅರ್ಥದಲ್ಲಿ ಉತ್ಪನ್ನವಾಯಿತೆಂದು ಹೇಳಬಹುದಾಗಿದೆ. ತಮ್ಮ ಪ್ರದೇಶಕ್ಕೆ ಸೂಕ್ತವಾದ ತಳಿ, ಬಿತ್ತನೆ ಮತ್ತು ಜೈವಿಕ ಉತ್ಪನ್ನಗಳ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತರು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.